ಮುಖ ಎತ್ತಿ ಮಾತಾಡು

ಗ್ವಾಟೆಮಾಲಾ ನಗರ
9 ಫೆಬ್ರವರಿ 2022

ಪ್ರೀತಿಯ ಸೆನ್ಯೊ ಅರಾಸೆಲಿ,

ಮೊದಲು ಜಗಳ, ಆಮೇಲೆ ಕ್ಷೇಮಸಮಾಚಾರ. ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ನೀವು ಎತ್ತುವುದಿಲ್ಲ. ಮಾತನ್ನು ರೆಕಾರ್ಡ್ ಮಾಡಿ ಕಳಿಸಿದರೆ ಕೇಳಿದ ಗುರುತೇ ಇಲ್ಲ. ಕಂಪನಿಯ ಮೆಸೇಜಿನಲ್ಲಿ ಬರೆಯೋಣವೆಂದರೆ ಅದನ್ನು ಮೇಲಿನವರೆಲ್ಲ ಓದುತ್ತಾರೆ. ಅದಕ್ಕೇ ಈ ಕಾಗದವನ್ನು ದೋನ್ ಚೆಪೆಯ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಶೆಲಾ ಬಸ್ ನಿಲ್ದಾಣದಿಂದ ನಿಮ್ಮ ಮನೆಗೆ ನಡೆದು ಬಂದು ಕೈಗೇ ಕೊಡುತ್ತೇನೆ ಎಂದಿದ್ದಾನೆ. ಒಂದು ಲೋಟ ಬಿಸಿ ಅತೋಲ್ ಗಂಜಿ ಕುಡಿಸಿ ಕಳಿಸಿ, ಪಾಪ.

ಎಲ್ಲ ಟೀಚರಮ್ಮಂದಿರಿಗೂ ಅನ್ನುವ ಹಾಗೆ ನಿಮ್ಮನ್ನು ಸೆನ್ಯೊ ಅನ್ನುತ್ತ, ನಿಮ್ಮ ಕೈಕೆಳಗೆ ಪಾಠ ಹೇಳುವುದನ್ನು ಕಲಿತ ನಾನು ಈಗ ನಿಮ್ಮ ಮೇಲ್ವಿಚಾರಕಿ! ನಗಬೇಡಿ. ನಮ್ಮ ಶಾಲೆ ಸೋಂಕಿನ ವರ್ಷದಲ್ಲಿ ಮುಚ್ಚದೆ ಇದ್ದಿದ್ದರೆ ಇಂದಿಗೂ ಅದೇ ಅಂಗಳದಲ್ಲಿ, ಪಕ್ಕದ ಮೇಜಿನಲ್ಲಿ ಕೂತು, ನೀವು ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವುದನ್ನು ಕದ್ದು ಕೇಳುತ್ತಿದ್ದೆ. ಈಗ ಕಂಪ್ಯೂಟರಿನ ಮುಂದೆ ಕೂತು ನಿಮ್ಮಂಥವರು ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಹೇಳುವ ಪಾಠಗಳ ರೆಕಾರ್ಡಿಂಗ್ ನೋಡುವುದೇ ನನ್ನ ಉದ್ಯೋಗ.

ಎರಡು ವಿಷಯ. ಒಂದು, ಕೆಲಸದಲ್ಲಿ ನಿಮಗೆಷ್ಟು ತೃಪ್ತಿ ಇದೆ ಎಂದು ಕಂಪನಿ ಎಲ್ಲ ಟೀಚರುಗಳನ್ನೂ ಕೇಳಿದೆ. ನೀವೊಬ್ಬರೇ ಉತ್ತರ ಕೊಟ್ಟಿಲ್ಲ. ಇನ್ನೊಂದು ಬರೆಯಲು ಕೈ ಬರುತ್ತಿಲ್ಲ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೊಡುವ ನಕ್ಷತ್ರಗಳು ನಿಮಗೆ ಕಡಿಮೆಯಾಗುತ್ತ ಬಂದಿವೆ. ‘ಟೀಚರ್ ನಮ್ಮ ಮಾತಿಗೆ ಗಮನ ಕೊಡೋದಿಲ್ಲ’, ‘ಕೇಳಿದ್ದೊಂದು, ಹೇಳಿದ್ದೊಂದು’, ‘ಹಿಂದೆ ಗದ್ದಲವೋ ಗದ್ದಲ’ ಎಂದು ಬರೆಯುತ್ತಾರೆ. ಜೂನ್ ಕೊನೆಗೆ ಕಂಪನಿ ಕೆಲವರ ಹೆಸರು ತೆಗೆಯುತ್ತದೆ. ನಿಮ್ಮ ಹೆಸರು ಆ ಪಟ್ಟಿಗೆ ಹೋಗದಂತೆ ನೋಡಿಕೊಳ್ಳಬೇಕು ಸೆನ್ಯೊ. ಕಿಟಕಿಯನ್ನಾದರೂ ಮುಚ್ಚಿ. ಆ ಹುಂಜದ ಕೂಗು ಬೆಲ್ಜಿಯಂವರೆಗೂ ಕೇಳಿಸುತ್ತಿದೆ.

ನಿಮ್ಮ
ನಿನೆತ್

*

ಶೆಲಾ
20 ಫೆಬ್ರವರಿ 2022

ಮಗಳೇ ನಿನೆತ್,

ಕಾಗದ ತಲುಪಿತು, ಬೈಗುಳವೂ ತಲುಪಿತು. ಫೋನಿನಲ್ಲಿ ಮಾತಾಡುವುದು ನನಗೆ ಸೇರುವುದಿಲ್ಲ. ವಯಸ್ಸಾಯಿತು ಅಂದುಕೋ. ಕಾಗದವೇ ಸುಖ.

ತೃಪ್ತಿ ಆಯಿತೇ ಎಂದು ಕೇಳುವುದು ಊಟಕ್ಕೆ ಕರೆದವರು. ಇವರು ಊಟಕ್ಕೆ ಕರೆದು ಎಲೆಯನ್ನೇ ಹಾಕಿಲ್ಲ. ಐದರಲ್ಲಿ ಎಷ್ಟು ಎಂದು ಗುರುತು ಹಾಕಬೇಕಂತೆ. ಎಲ್ಲರೂ ಐದೇ ಹಾಕಿರುತ್ತಾರೆ, ನನಗೆ ಗೊತ್ತು. ಕೆಲಸ ಬೇಕಾದವರು ಇನ್ನೇನು ಹಾಕಿಯಾರು?

ನನ್ನ ತೃಪ್ತಿಯ ಕಥೆ ಕೇಳು. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ನೀಲಿ ಬಟ್ಟೆ ಹೊಡೆದುಕೊಂಡು ಅದರ ಮುಂದೆ ಹಲ್ಲು ಬಿಟ್ಟುಕೊಂಡು ಕೂರುತ್ತೇನೆ. ಪ್ರತಿ ವಾಕ್ಯಕ್ಕೂ ಹೊಗಳಬೇಕು ಎಂಬುದು ನಿಮ್ಮ ಕಂಪನಿಯ ನಿಯಮ. ಒಂದು ವಾಕ್ಯಕ್ಕೆ ಶಭಾಷ್, ಇನ್ನೊಂದಕ್ಕೆ ಭೇಷ್, ಮೂರನೆಯದಕ್ಕೆ ಚಪ್ಪಾಳೆ. ಹೆತ್ತ ತಾಯಿಯೂ ಮಗುವನ್ನು ಇಷ್ಟು ಹೊಗಳುವುದಿಲ್ಲ. ಆಮೇಲೆ ಒಂದು ದಿನ ವಿದ್ಯಾರ್ಥಿ ಬರುವುದಿಲ್ಲ. ಅಷ್ಟೇ. ಹೋಗಿ ಬರುತ್ತೇನೆ ಎಂಬ ಮಾತೂ ಇಲ್ಲ. ಪರದೆಯ ಆ ಚೌಕದಲ್ಲಿ ಬೇರೆ ಯಾರದೋ ಮುಖ ಬಂದು ಕೂರುತ್ತದೆ.

ನಮ್ಮ ಶುಕ್ರವಾರದ ಊಟಗಳು ನೆನಪಿವೆಯೇ? ಊರಿಗೆ ಹೊರಟವರು ಎದ್ದು ನಿಂತು, ತಮಗೆ ಬಂದಷ್ಟು ಸ್ಪ್ಯಾನಿಷಿನಲ್ಲಿ ನಾಲ್ಕು ಮಾತು ಹೇಳಬೇಕು. ವಾರವಿಡೀ ತಿದ್ದಿದ ಟೀಚರು ಅದೊಂದು ಹೊತ್ತು ತಿದ್ದಬಾರದು. ನನ್ನ ಬಾಯಿ ಸುಮ್ಮನಿರುವುದಿಲ್ಲವೆಂದು ನೀವೆಲ್ಲ ಸೇರಿ ಒಂದು ಇಡೀ ಶೆಕಾ ರೊಟ್ಟಿಯನ್ನು ನನ್ನ ಬಾಯಿಗೆ ತುರುಕುತ್ತಿದ್ದಿರಿ. ಒಳಗಿನ ಬೆಲ್ಲ ಗದ್ದದ ಮೇಲೆ ಇಳಿಯುತ್ತಿತ್ತು. ಎದುರಿಗೆ ಆ ಕೆಂಪು ಮೂಗಿನ ಹುಡುಗರು ತಪ್ಪು ತಪ್ಪಾಗಿ ಮಾತಾಡಿ ಅಳುತ್ತಿದ್ದರು. ತೃಪ್ತಿ ಎಂದರೆ ಅದು.

ಈಗಲೂ ಒಂದೇ ಒಂದು ಗಂಟೆ ಹಾಗಿರುತ್ತದೆ, ಸುಳ್ಳೇಕೆ ಹೇಳಲಿ. ಬೆಲ್ಜಿಯಂನ ಲೀಸ್ಬೆತ್ ಬರುವ ಗಂಟೆ. ನಮ್ಮ ದೇಶದ ಅಂತರ್ಯುದ್ಧದ ಕಾಲದಲ್ಲಿ ಇಲ್ಲಿಂದ ಎಳೆಗೂಸಾಗಿ ದತ್ತು ಹೋದವಳು. ಹೆತ್ತ ತಾಯಿ ಕೊಆತೆಪೆಕೆಯಲ್ಲಿ ಬದುಕಿದ್ದಾಳೆಂದು ಈಚೆಗೆ ಪತ್ತೆಯಾಗಿದೆ. ಫಿದೆಲಿನಾ ಎಂದು ಹೆಸರು. ತಾಯಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರುವುದಿಲ್ಲ, ಮಗಳಿಗೆ ಅದೊಂದೇ ಬರುವುದಿಲ್ಲ. ಆಗಸ್ಟಿನಲ್ಲಿ ಬರುತ್ತಾಳೆ. ಅಮ್ಮನ ಮುಂದೆ ನಿಂತಾಗ ಹೇಳಬೇಕಾದ ಮಾತನ್ನು ಇಬ್ಬರೂ ಸೇರಿ ಸಿದ್ಧ ಮಾಡುತ್ತಿದ್ದೇವೆ. ನಿಧಾನವಾಗಿ ಒಂದೊಂದೇ ಸಾಲು ಸೇರಿಸುತ್ತಾಳೆ. ಮೊದಲ ಸಾಲು ‘ನಾನು ಬಂದೆ’. ಅದನ್ನು ಹೇಳುವುದಕ್ಕೇ ಅವಳಿಗೆ ಒಂದು ತಿಂಗಳು ಹಿಡಿಯಿತು. ಅವಳ ಗಂಟೆಗೆ ಬೇಕಾದರೆ ಐದಕ್ಕೆ ಐದು ಬರೆದುಕೋ.

ಗದ್ದಲ ಅಂದೆಯಲ್ಲ, ಯಾವ ಗದ್ದಲ? ನನ್ನ ಮನೆಯಷ್ಟು ಸದ್ದಿಲ್ಲದ ಮನೆ ಶೆಲಾದಲ್ಲೇ ಇಲ್ಲ. ಪಕ್ಕದವರ ಹುಂಜ ಕೂಡ ಈಚೆಗೆ ಕೂಗುವುದನ್ನು ಬಿಟ್ಟಿದೆ. ಮುದಿಯಾಗಿರಬೇಕು. ನಿನ್ನ ಯಂತ್ರದಲ್ಲೇ ಏನೋ ಕೆಟ್ಟಿದೆ, ನೋಡಿಸು.

ಆಶೀರ್ವಾದಗಳೊಂದಿಗೆ
ಅರಾಸೆಲಿ

*

ಗ್ವಾಟೆಮಾಲಾ ನಗರ
2 ಮೇ 2022

ಸೆನ್ಯೊ ಅರಾಸೆಲಿ,

ಲೀಸ್ಬೆತ್ ದೂರು ಕೊಟ್ಟಿದ್ದಾಳೆ. ಒಂದೇ ಸಾಲು: ‘ಈ ಟೀಚರಿಗೆ ಹೃದಯ ಇಲ್ಲ.’

ಯಾರೋ ಬೇರೆಯವರ ಬಗ್ಗೆ ಬರೆದಿರಬೇಕು ಅಂದುಕೊಂಡೆ. ಆಮೇಲೆ ಆ ಪಾಠದ ರೆಕಾರ್ಡಿಂಗ್ ನೋಡಿದೆ. ನೋಡಬಾರದಿತ್ತು.

ಅವಳು ತಾಯಿ ಸತ್ತ ಸುದ್ದಿ ಹೇಳುತ್ತಿದ್ದಾಳೆ ಸೆನ್ಯೊ. ಅವಳ ಅಮ್ಮ, ಫಿದೆಲಿನಾ. ಆ ಹುಡುಗಿ ತನಗೆ ಬರುವ ಮುರುಕು ಮಾತಿನಲ್ಲಿ ಅದನ್ನು ನಿಮಗೆ ಹೇಳುತ್ತಿದ್ದಾಳೆ. ನೀವು ನಗುತ್ತಿದ್ದೀರಿ. “ಶಭಾಷ್! ಎಷ್ಟು ಚೆನ್ನಾಗಿ ಹೇಳ್ದೆ!” ಎಂದಿರಿ. “ಇನ್ನೊಂದು ಸಲ ಹೇಳು ನೋಡೋಣ, ನಿಧಾನವಾಗಿ” ಎಂದಿರಿ. ಅವಳು ಇನ್ನೊಂದು ಸಲ ಹೇಳಿದಳು. ನೀವು ಹೇಳಿಸಿದಿರಿ. ಆಮೇಲೆ ಚಪ್ಪಾಳೆ ತಟ್ಟಿದಿರಿ.

ನನಗೆ ಪಾಠ ಹೇಳುವುದನ್ನು ಕಲಿಸಿದಾಗ ನೀವು ಮೊದಲು ಹೇಳಿದ್ದೇನು? ಎದುರಿಗೆ ಕೂತವರ ಮಾತು ಎಷ್ಟೇ ತಪ್ಪಿರಲಿ, ಅವರು ಏನು ಹೇಳಲು ಬಂದಿದ್ದಾರೋ ಅದನ್ನು ಮೊದಲು ಕೇಳು, ವ್ಯಾಕರಣ ಆಮೇಲೆ. ಆ ಸೆನ್ಯೊ ಎಲ್ಲಿ ಹೋದರು? ಇಡೀ ದಿನ ಹೊಗಳಿ ಹೊಗಳಿ ನಿಮಗೆ ಸಾವೂ ಒಂದು ವಾಕ್ಯವಾಗಿಬಿಟ್ಟಿತೇ? ಹಾಗಿದ್ದರೆ ಈ ಕೆಲಸ ನಿಮ್ಮನ್ನು ಹಾಳು ಮಾಡಿದೆ. ನಿಮ್ಮನ್ನು ಇದಕ್ಕೆ ಸೇರಿಸಿದ ನನ್ನನ್ನೂ ಹಾಳು ಮಾಡಿದೆ.

ಲೀಸ್ಬೆತ್ ಮುಂದಿನ ಪಾಠಗಳನ್ನೆಲ್ಲ ರದ್ದು ಮಾಡಿದ್ದಾಳೆ. ಇಂಥ ದೂರು ಬಂದರೆ ಆ ಕ್ಷಣವೇ ಟೀಚರ ಹೆಸರು ತೆಗೆಯಬೇಕು. ನಾನು ಇನ್ನೂ ಮೇಲೆ ಕಳಿಸಿಲ್ಲ. ಒಂದು ಕಾರಣ ಹೇಳಿ, ಯಾವುದಾದರೂ ಸರಿ.

ನಿನೆತ್

*

ಗ್ವಾಟೆಮಾಲಾ ನಗರ
25 ಮೇ 2022

ಪ್ರೀತಿಯ ಸೆನ್ಯೊ,

ನಿಮ್ಮಿಂದ ಉತ್ತರವಿಲ್ಲ. “ಬಾಗ್ಲಲ್ಲೇ ನಿಂತ್ಕೊಂಡು ಓದಿದ್ರಮ್ಮಾ. ಓದಿ ಒಳಗೆ ಹೋದ್ರು. ನಂಗೆ ಅತೋಲೂ ಇಲ್ಲ, ಏನೂ ಇಲ್ಲ” ಎಂದು ದೋನ್ ಚೆಪೆ ಹೇಳಿದ. ಆ ಕಾಗದವನ್ನು ಹಿಂದಕ್ಕೆ ಪಡೆಯುವ ಹಾಗಿದ್ದರೆ ಪಡೆಯುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅವರಿಗೆ ತೊಂದರೆಯಾಗದಿರಲಿ ಎಂದು ಸದ್ದು ಪೂರ್ತಿ ಬಂದ್ ಮಾಡಿ ನಿಮ್ಮ ಹಳೆಯ ಪಾಠಗಳನ್ನು ನೋಡುತ್ತ ಕೂತೆ. ಸದ್ದಿಲ್ಲದೆ ನೋಡಿದ ಮೇಲೆ ನನ್ನ ಕಣ್ಣು ತೆರೆಯಿತು. ನೀವು ವಿದ್ಯಾರ್ಥಿಯ ಕಣ್ಣನ್ನು ನೋಡುವುದೇ ಇಲ್ಲ. ಬಾಯಿಯನ್ನು ನೋಡುತ್ತೀರಿ. ಚಿತ್ರ ಸರಿಯಾಗಿದ್ದಷ್ಟು ಹೊತ್ತು ನೀವು ನಮ್ಮ ಹಳೆಯ ಸೆನ್ಯೊ ಅರಾಸೆಲಿಯೇ. ಇಂಟರ್ನೆಟ್ ಎಳೆದು ಚಿತ್ರ ನಿಂತ ಕೂಡಲೇ ನಿಮ್ಮ ಮುಖದಲ್ಲಿ ಭಯ ಬರುತ್ತದೆ. ಆಮೇಲೆ ನಗು. ಆಮೇಲೆ ಶಭಾಷ್.

ಲೀಸ್ಬೆತ್ ಆ ಸುದ್ದಿ ಹೇಳುವಾಗ ತಲೆ ತಗ್ಗಿಸಿದ್ದಳು. ಕೂದಲು ಮುಖದ ಮೇಲೆ ಬಿದ್ದಿತ್ತು. ಎರಡನೆಯ ಸಲವೂ ಅವಳು ತಲೆ ಎತ್ತಲಿಲ್ಲ.

ಶಾಲೆಯ ಅಂಗಳದಲ್ಲಿ ಬಿಸಿಲು ಬೀಳುವ ಆ ಮೇಜನ್ನು ನೀವು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. “ಮುಖ ಎತ್ತಿ ಮಾತಾಡು” ಎಂದು ವಿದ್ಯಾರ್ಥಿಗಳ ಗದ್ದವನ್ನು ಪೆನ್ಸಿಲಿನಿಂದ ಮೇಲೆತ್ತುತ್ತಿದ್ದಿರಿ. ನಾವೆಲ್ಲ ಅದನ್ನು ಶಿಸ್ತು ಅಂದುಕೊಂಡಿದ್ದೆವು. ನಾನೂ ಅದನ್ನೇ ಕಲಿತು ಶಾಲೆ ಮುಚ್ಚುವವರೆಗೂ ಹಾಗೇ ಮಾಡುತ್ತಿದ್ದೆ.

ಸೆನ್ಯೊ, ನಿಮಗೆ ಕಿವಿ ಕೇಳಿಸದೆ ಎಷ್ಟು ಕಾಲವಾಯಿತು?

ಪಕ್ಕದ ಮನೆಯ ಹುಂಜ ಈಗಲೂ ಕೂಗುತ್ತದೆ.

ನಿಮ್ಮ ನಿನೆತ್

*

ಶೆಲಾ
4 ಜೂನ್ 2022

ಮಗಳೇ,

ಎಡಗಿವಿ ಹೋಗಿ ಬಹಳ ಕಾಲವಾಯಿತು. ಬಲಗಿವಿ ಸೋಂಕಿನ ಜ್ವರದ ಮೇಲೆ ಕೈಕೊಟ್ಟಿತು. ಡಾಕ್ಟರು ಕಿವಿಗೆ ಒಂದು ಯಂತ್ರ ಹಾಕಿದರು. ಅದರಲ್ಲಿ ಮಾತೂ ಬಸ್ಸಿನ ಹಾರನ್ನೂ ಒಂದೇ ಥರ ಕೇಳುತ್ತದೆ. ಅಂಗಳದಲ್ಲಿ ಕೂತಿದ್ದಾಗ ನನಗೆ ಕಷ್ಟವೇ ಇರಲಿಲ್ಲ. ಮೊಳದಷ್ಟು ದೂರದಲ್ಲಿ ಒಂದು ಮುಖ, ಮೇಲೆ ಬಿಸಿಲು. ತುಟಿ ನೋಡಿದರೆ ಸಾಕು. ಯಾರ ನಾಲಿಗೆ ಎಲ್ಲಿ ತೊಡರುತ್ತದೆ ಎಂಬುದನ್ನು ನಿಮಗಿಂತ ಮೊದಲು ನಾನೇ ಹಿಡಿಯುತ್ತಿದ್ದೆ. ಈ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ತುಟಿ ಒಂದು ಕಡೆ ಹೋಗುತ್ತದೆ, ಮಾತು ಇನ್ನೊಂದು ಕಡೆ. ಹೊಗಳಬೇಕು ಎಂಬ ನಿಮ್ಮ ನಿಯಮವೇ ನನ್ನನ್ನು ಇಷ್ಟು ದಿನ ಕಾಪಾಡಿತು. ತಿಳಿಯದಿದ್ದಾಗಲೆಲ್ಲ ಶಭಾಷ್ ಅಂದೆ. ಯಾರಿಗೂ ಅನುಮಾನ ಬರಲಿಲ್ಲ.

ಭಾಷೆ ಕಲಿಸುವವಳಿಗೆ ಕಿವಿ ಇಲ್ಲವೆಂದರೆ ಯಾರು ಇಟ್ಟುಕೊಳ್ಳುತ್ತಾರೆ, ಹೇಳು. ನನಗೆ ಬೇರೆ ಏನು ಬರುತ್ತದೆ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಇನ್ನೊಂದು ಸಲ ಹೇಳು ಎಂದರೆ ಎಲ್ಲರೂ ಮುಖ ಎತ್ತುತ್ತಾರೆ. ಅವಳೂ ಎತ್ತುತ್ತಾಳೆ ಅಂದುಕೊಂಡೆ. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದು ತಿಳಿದು ಚಪ್ಪಾಳೆ ತಟ್ಟಿದೆ. ನಿನ್ನ ಕಾಗದ ಓದಿದ ದಿನದಿಂದ ನನಗೆ ಅದೊಂದೇ ಕಣ್ಣ ಮುಂದೆ ಬರುತ್ತದೆ. ಊಟಕ್ಕೆ ಕೂತರೂ ಬರುತ್ತದೆ.

ಕೆಲಸ ಉಳಿಸಿಕೊಡು ಎಂದು ಕೇಳಬೇಕು ಅಂತಲೇ ಈ ಕಾಗದಕ್ಕೆ ಕೂತೆ. ಈಗ ಅದು ಬೇಡ. ಒಂದೇ ಒಂದು ಉಪಕಾರ ಮಾಡು. ಆ ಹುಡುಗಿ ಅವತ್ತು ನನಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ಅವಳು ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಬರೆದು ಕಳಿಸು. ತಿದ್ದಬೇಡ.

ಅರಾಸೆಲಿ

*

ಗ್ವಾಟೆಮಾಲಾ ನಗರ
19 ಜೂನ್ 2022

ಪ್ರೀತಿಯ ಸೆನ್ಯೊ,

ಲೀಸ್ಬೆತ್ ಹೇಳಿದ್ದು ಇದು:

“ಸೆನ್ಯೊ, ನನ್ನ ಅಮ್ಮ ಭಾನುವಾರ ಸತ್ತಿದೆ. ತಂಗಿ ಫೋನ್ ಮಾಡಿದೆ. ನನ್ನ ವಿಮಾನ ಆಗಸ್ಟಿಗೆ ಇದೆ. ನಾನು ತಡ ಆಗಿದ್ದೇನೆ. ನಮ್ಮ ಮಾತು ಎಲ್ಲ ನನಗೆ ಬಾಯಿಗೆ ಬರುತ್ತದೆ. ಈಗ ನಾನು ಅದು ಯಾರಿಗೆ ಹೇಳುವುದು?”

ಎರಡನೆಯ ಸಲವೂ ಇಷ್ಟನ್ನೇ ಹೇಳಿದಳು, ನೀವು ಕೇಳಿದ ಹಾಗೆ ನಿಧಾನವಾಗಿ.

ನಾನು ಕಂಪನಿಯ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಟ್ಟು ನಿಮ್ಮನ್ನು ಉಳಿಸುವ ದಾರಿ ಉಳಿದಿರಲಿಲ್ಲ. ನಿಜ ಹೇಳಿದರೆ ಮನಸ್ಸು ಕರಗೀತು ಎಂಬ ಆಸೆ ಇತ್ತು. “ಮುಖ ಕಂಡ್ರೆ ಸಾಕು ಸಾರ್, ಅವರಿಗೆ ಎಲ್ಲ ತಿಳಿಯತ್ತೆ” ಎಂದೆ. ಅವರು ನಕ್ಕರು. “ಮುಖ ನೆಟ್ಟಗೆ ಕಾಣೋ ಇಂಟರ್ನೆಟ್ ಈ ದೇಶದಲ್ಲಿ ಇದ್ದಿದ್ರೆ ನಮಗ್ಯಾಕಮ್ಮಾ ಈ ಪಾಡು” ಎಂದರು. ಕೆಟ್ಟ ಮನುಷ್ಯನೇನಲ್ಲ. ನಿಮಗೆ ಒಂದು ಧನ್ಯವಾದ ಪತ್ರ ಬರುತ್ತದೆ. ಅದರ ಕೆಳಗೆ ಇರುವುದು ನನ್ನದೇ ಸಹಿ. ಮೂವತ್ತರಿಂದ ನಿಮ್ಮ ಪರದೆ ತೆರೆಯುವುದಿಲ್ಲ.

ಲೀಸ್ಬೆತ್‌ಗೂ ಬರೆದೆ. ವಿದ್ಯಾರ್ಥಿಗಳಿಗೆ ನಾವು ಹಾಗೆ ಬರೆಯುವಂತಿಲ್ಲ, ಆದರೂ ಬರೆದೆ. ನಿಮ್ಮ ಕಿವಿಯ ವಿಷಯ ತಿಳಿಸಿದೆ. ಇಂಗ್ಲಿಷಿನಲ್ಲಿ ಉತ್ತರ ಬಂತು. ನಿಮ್ಮ ಮೇಲೆ ಸಿಟ್ಟು ಹೋಯಿತಂತೆ, ನಿಮಗೆ ಹಾಗಾದದ್ದು ಕೇಳಿ ಅತ್ತಳಂತೆ. ಆದರೆ ಇನ್ನು ಆ ಭಾಷೆಯನ್ನು ಬಾಯಿಗೆ ತರಲಾರೆ, ಅಲ್ಲಿಗೆ ಬರಲೂ ಆರೆ ಎಂದು ಬರೆದಿದ್ದಾಳೆ. ವಿಮಾನದ ಟಿಕೆಟನ್ನು ರದ್ದು ಮಾಡಿದ್ದಾಳೆ.

ನೀವು ನನ್ನ ಮೇಲೆ ಕೋಪ ಮಾಡಿಕೊಂಡರೂ ಸರಿ, ಬರೆಯುವುದನ್ನು ನಿಲ್ಲಿಸಬೇಡಿ.

ನಿಮ್ಮ
ನಿನೆತ್

*

ಶೆಲಾ
3 ನವೆಂಬರ್ 2022

ಮಗಳೇ ನಿನೆತ್,

ಇಷ್ಟು ತಿಂಗಳು ಬರೆಯಲಿಲ್ಲ. ಕೋಪವಿತ್ತು, ಸುಳ್ಳು ಹೇಳುವುದಿಲ್ಲ. ನಿನ್ನ ಸಹಿ ಇದ್ದ ಆ ಧನ್ಯವಾದ ಪತ್ರವನ್ನು ಒಲೆಗೆ ಹಾಕಿದೆ. ಆಮೇಲೆ, ಸಹಿ ಮಾಡುವಾಗ ನಿನ್ನ ಮುಖ ಹೇಗಿದ್ದಿರಬಹುದು ಎಂದು ಯೋಚನೆ ಬಂತು. ಕೋಪ ಇಳಿಯಿತು. ಈಗ ತಂಗಿಯ ಜೊತೆ ಸಂತೆಯಲ್ಲಿ ಹೂ ಮಾರುತ್ತೇನೆ. ಗಿರಾಕಿಗಳು ಚೌಕಾಸಿ ಮಾಡುವಾಗ ಎಲ್ಲರೂ ಮುಖ ಎತ್ತಿಯೇ ಮಾತಾಡುತ್ತಾರೆ, ಅಷ್ಟು ಅನುಕೂಲ. ನೀಲಿ ಬಟ್ಟೆ ಇನ್ನೂ ಗೋಡೆಯ ಮೇಲಿದೆ. ತೆಗೆಯಲು ಮನಸ್ಸು ಬರುವುದಿಲ್ಲ. ಕೆಲವು ದಿನ ಮಧ್ಯಾಹ್ನ ಲೀಸ್ಬೆತ್ ಬರುತ್ತಿದ್ದ ಹೊತ್ತಿಗೆ ಅದರ ಮುಂದೆ ಹೋಗಿ ಕೂರುತ್ತೇನೆ. ಹುಚ್ಚು ಅನ್ನು.

ಮೊನ್ನೆ ಸತ್ತವರ ಹಬ್ಬಕ್ಕೆ ನಾನು ಕೊಆತೆಪೆಕೆಗೆ ಹೋಗಿದ್ದೆ.

“ವರ್ಷದಾಗೆ ಹೂ ಮಾರೋ ದಿನ ಇದೊಂದೇ, ಇವತ್ತೇ ಬಿಟ್ಟು ಹೋಗ್ತೀಯಾ?” ಎಂದು ತಂಗಿ ಕೂಗಾಡಿದಳು. ಕೂಗಿದರೇನು, ಅವಳ ತುಟಿಯಲ್ಲಿ ಅಷ್ಟು ಓದಿದ ಮೇಲೆ ನಾನು ಆ ಕಡೆ ನೋಡಲೇ ಇಲ್ಲ. ಒಂದು ಹೊರೆ ಚೆಂಡುಹೂ, ಒಂದು ಚೀಲ ಶೆಕಾ ಎತ್ತಿಕೊಂಡು ಮುಂಜಾನೆಯ ಬಸ್ಸು ಹತ್ತಿದೆ.

ಸ್ಮಶಾನದ ತುಂಬ ಜನ. ಗೋರಿಗಳಿಗೆ ಬಣ್ಣ ಬಳಿಯುವವರು, ಗೋರಿಗಳ ಮೇಲೆ ಕೂತು ಉಣ್ಣುವವರು, ಮಾರಿಂಬಾ ವಾದ್ಯ ಬಾರಿಸುವವರು. ಅವರ ಕೈಗಳು ಕುಣಿಯುತ್ತಿದ್ದವು, ನನಗೆ ಏನೂ ಕೇಳಿಸಲಿಲ್ಲ. ಫಿದೆಲಿನಾ ಎಂಬ ಹೆಸರು ಹುಡುಕುತ್ತ ಸುತ್ತಿದೆ. ಹೊಸ ಗೋರಿಗಳ ಸಾಲಿನಲ್ಲಿ ಸಿಕ್ಕಿತು. ಒಬ್ಬ ಹೆಂಗಸು ಬಗ್ಗಿ ಅದಕ್ಕೆ ಪಚ್ಚೆ ನೀಲಿ ಬಣ್ಣ ಹಚ್ಚುತ್ತಿದ್ದಳು. ನನ್ನ ನೆರಳು ಬಿದ್ದದ್ದಕ್ಕೆ ಏನೋ ಕೇಳಿದಳು. ಬಗ್ಗಿಯೇ ಕೇಳಿದಳು.

“ಮುಖ ಎತ್ತಿ ಮಾತಾಡು ಮಗಳೇ. ನಂಗೆ ಕಿವಿ ಕೇಳಲ್ಲ” ಎಂದೆ.

ಆ ಮಾತನ್ನು ಅದಕ್ಕೆ ಮೊದಲು ನಾನು ಯಾರ ಎದುರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಮುಖ ಎತ್ತಿದಳು. ನಿನೆತ್, ಅದೇ ಬಾಯಿ. ಮಾತು ಶುರುವಾಗುವ ಮುಂಚೆ ಮೇಲ್ದುಟಿ ಒಂದು ಕಡೆ ಸ್ವಲ್ಪ ಎದ್ದು ನಿಲ್ಲುತ್ತದೆ. ಲೀಸ್ಬೆತ್‌ಗೂ ಹಾಗೇ. ಆ ತುಟಿಯನ್ನು ನಾನು ವಾರ ವಾರವೂ ಕಣ್ಣು ನೋಯುವಷ್ಟು ಓದಿದ್ದೇನೆ. ಇವಳು ಹೇಳಿದ್ದರಲ್ಲಿ ಒಂದು ಮಾತೂ ನನಗೆ ತಪ್ಪಲಿಲ್ಲ.

“ನೀವ್ಯಾರು ಅಂತ ಕೇಳ್ದೆ” ಎಂದಳು.

“ನಿನ್ನ ಅಕ್ಕನ ಸೆನ್ಯೊ. ಅವಳಿಗೆ ಮಾತು ಕಲಿಸ್ತಿದ್ದವಳು.”

ಅವಳು ಕುಂಚ ಕೆಳಗಿಟ್ಟಳು. ಯೋಲಿ ಅಂತೆ ಅವಳ ಹೆಸರು. “ಅವಳು ಬರ್ಲಿಲ್ಲ” ಎಂದಳು. ಸಿಟ್ಟಿನಿಂದಲ್ಲ. “ನಮ್ಮಮ್ಮ ದಿನಾ ಕೇಳೋಳು, ನಾನು ಹೆಂಗೆ ಮಾತಾಡಿದ್ರೆ ಅವಳಿಗೆ ತಿಳಿಯತ್ತೆ ಅಂತ. ಮೆಲ್ಲಗೆ ಮಾತಾಡಮ್ಮ ಅಂತಿದ್ದೆ. ಕೋಳಿಗಳ ಹತ್ರ ಮೆಲ್ಲಗೆ ಮಾತಾಡಿ ಅಭ್ಯಾಸ ಮಾಡೋಳು.”

ನಾನು ಹೂವಿಟ್ಟೆ. ಗೋರಿಯ ಮೇಲೆ ಒಂದು ಶೆಕಾ ಇಟ್ಟೆ, ಯೋಲಿಗೊಂದು ಕೊಟ್ಟೆ. ನಿನ್ನ ಅಕ್ಕ ನಿಮ್ಮಮ್ಮನಿಗೆ ಹೇಳಬೇಕು ಅಂತ ಒಂದಿಷ್ಟು ಮಾತು ಕಲಿತಿದ್ದಳು, ಅದು ನನ್ನ ಹತ್ತಿರ ಉಳಿದುಬಿಟ್ಟಿದೆ, ಕೊಟ್ಟು ಹೋಗಲು ಬಂದೆ ಎಂದೆ.

ಲೀಸ್ಬೆತ್‌ಗೆ ಇದನ್ನೆಲ್ಲ ತಿಳಿಸಬೇಕೋ ಬೇಡವೋ ನಿನಗೇ ಬಿಟ್ಟಿದ್ದೇನೆ. ಅವಳ ಮಾತನ್ನು ಅವಳ ಅಪ್ಪಣೆಯಿಲ್ಲದೆ ಆಡಿದೆ. ತಪ್ಪಿರಬಹುದು. ಆದರೆ ಯಾರಿಗೆ ಹೇಳುವುದು ಎಂದು ಅವಳು ನನ್ನನ್ನೇ ಕೇಳಿದ್ದಳು. ಅದಕ್ಕೆ ನಾನು ಚಪ್ಪಾಳೆ ತಟ್ಟಿದ್ದೆ. ಒಂದು ಉತ್ತರವನ್ನಾದರೂ ಕೊಡಬೇಕಿತ್ತು.

ಗೋರಿಯ ಎದುರು ನಿಂತು ಲೀಸ್ಬೆತ್ ಹೇಳುತ್ತಿದ್ದ ಹಾಗೆಯೇ ಹೇಳಿದೆ. ನಾನು ತಿದ್ದಿ ತಿದ್ದಿ ಸುಸ್ತಾದ ತಪ್ಪುಗಳನ್ನೂ ಬಿಡಲಿಲ್ಲ. ಅವು ಅವಳವು. “ಅಮ್ಮಾ, ನಾನು ಬಂದೆ. ನಾನು ನಿಮ್ಮ ಮೇಲೆ ಸಿಟ್ಟು ಇಲ್ಲ. ನನಗೆ ಅಲ್ಲಿ ಒಳ್ಳೆಯ ಅಪ್ಪ ಅಮ್ಮ ಆಗಿದ್ದಾರೆ. ನಾನು ಚಿಕ್ಕ ಇದ್ದಾಗ ಕನ್ನಡಿ ನೋಡಿ ನಿಮ್ಮನ್ನು ಹುಡುಕಿದೆ. ನನ್ನ ಕೈ ನೋಡಿ, ಇದು ನಿಮ್ಮದು ಇದೆಯಾ? ಈಗ ನಾನು ಹಸಿವು ಇದ್ದೇನೆ. ಏನು ಅಡುಗೆ ಮಾಡಿದ್ದೀರಿ?”

ಅಷ್ಟೇ. ಕೊನೆಯ ಸಾಲನ್ನು ಸೇರಿಸಿದ ದಿನ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಯೋಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಭುಜ ಅಲುಗುತ್ತಿತ್ತು. ಈ ಸಲ ನಾನು ಮೋಸ ಹೋಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟೆ. ಕಣ್ಣೊರೆಸಿಕೊಂಡ ಮೇಲೆ, ನನಗೆ ಕಿವಿ ಕೇಳುವುದಿಲ್ಲ ಎಂಬುದು ನೆನಪಾಯಿತೇನೋ, ಅವಳು ಪೂರ್ತಿ ಮುಖ ಎತ್ತಿ, ನನ್ನ ಕಡೆ ತಿರುಗಿ ಹೇಳಿದಳು:

“ಇನ್ನೊಂದು ಸಲ ಹೇಳಿ ಸೆನ್ಯೊ. ನಿಧಾನವಾಗಿ.”

ನಾನು ಇನ್ನೊಂದು ಸಲ ಹೇಳಿದೆ.

ನಿನ್ನ
ಅರಾಸೆಲಿ